ಔಷಧ ಗುಣಮಟ್ಟ ಪರೀಕ್ಷೆ: ವಿಶ್ಲೇಷಣಾ ವಿಧಾನಗಳ ಅಭಿವೃದ್ಧಿ ಮತ್ತು ದೃಢೀಕರಣ – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಔಷಧ ಮಳಿಗೆಯಿಂದ ಖರೀದಿಸಿದ ಮಾತ್ರೆ, ಸಿರಪ್ ಅಥವಾ ಚುಚ್ಚುಮದ್ದಿನ ಗುಣಮಟ್ಟದ ಬಗ್ಗೆ ಸಂಶಯ ಉಂಟಾದಲ್ಲಿ, ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬ ನಾಗರಿಕರಿಗೂ ಇರುತ್ತದೆ. ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940ರ ಕಲಂ 26ರಲ್ಲಿ ಈ ಹಕ್ಕನ್ನು ನೀಡಲಾಗಿದೆ. ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ನಿಗದಿತ ಶುಲ್ಕ ಪಾವತಿಸಿದ ಅರ್ಜಿದಾರರಿಗೆ ಸರ್ಕಾರಿ ವಿಶ್ಲೇಷಕರ ಸಹಿಯುಳ್ಳ ವರದಿಯನ್ನು ನೀಡಲಾಗುತ್ತದೆ.

ಸದರಿ ವರದಿಯಲ್ಲಿ ಸಾಮಾನ್ಯವಾಗಿ ಗಮನ ಸೆಳೆಯುವುದು ಕೊನೆಯ ಸಾಲು: ಔಷಧವು ಪ್ರಮಾಣಿತ ಗುಣಮಟ್ಟದ್ದಾಗಿದೆ ಅಥವಾ ಪ್ರಮಾಣಿತ ಗುಣಮಟ್ಟದ್ದಲ್ಲ ಎಂಬ ಅಭಿಪ್ರಾಯ. ಆದರೆ ಆ ಅಭಿಪ್ರಾಯಕ್ಕೆ ಆಧಾರವಾದ ಪರೀಕ್ಷೆಗಳು ಯಾವುವು, ಅವುಗಳನ್ನು ಯಾವ ವಿಧಾನದಿಂದ ನಡೆಸಲಾಯಿತು, ಆ ವಿಧಾನವು ನಂಬಿಕೆಗೆ ಅರ್ಹವೆಂದು ಹೇಗೆ ತೀರ್ಮಾನಿಸಲಾಯಿತು ಎಂಬ ವಿಷಯಗಳು ಅಷ್ಟೇ ಮುಖ್ಯವಾದವು. ಪರೀಕ್ಷೆಯ ಫಲಿತಾಂಶವು ಅದನ್ನು ನೀಡಿದ ವಿಧಾನಕ್ಕಿಂತ ಹೆಚ್ಚು ವಿಶ್ವಾಸಾರ್ಹವಾಗಿರಲು ಸಾಧ್ಯವಿಲ್ಲ. ಈ ವಿಷಯವನ್ನು ಸಾರ್ವಜನಿಕರಿಗೆ ಮತ್ತು ವಿಶೇಷವಾಗಿ ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವವರಿಗೆ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

2. ವಿಶ್ಲೇಷಣಾ ವಿಧಾನ ಎಂದರೇನು?

ಔಷಧದಲ್ಲಿ ಏನಿದೆ, ಎಷ್ಟಿದೆ ಮತ್ತು ಇರಬಾರದ ವಸ್ತು ಯಾವುದಾದರೂ ಇದೆಯೇ ಎಂಬುದನ್ನು ಕಂಡುಹಿಡಿಯಲು ಪ್ರಯೋಗಾಲಯದಲ್ಲಿ ಅನುಸರಿಸುವ ಲಿಖಿತ ಕಾರ್ಯಕ್ರಮವೇ ವಿಶ್ಲೇಷಣಾ ವಿಧಾನ. ಎಷ್ಟು ಮಾತ್ರೆಗಳನ್ನು ಪುಡಿ ಮಾಡಬೇಕು, ಎಷ್ಟು ತೂಕದ ಪುಡಿಯನ್ನು ಯಾವ ದ್ರಾವಕದಲ್ಲಿ ಕರಗಿಸಬೇಕು, ಯಾವ ಉಪಕರಣದಲ್ಲಿ ಅಳೆಯಬೇಕು, ಲೆಕ್ಕವನ್ನು ಹೇಗೆ ಮಾಡಬೇಕು ಎಂಬ ಎಲ್ಲ ವಿವರಗಳೂ ಅದರಲ್ಲಿ ಅಡಕವಾಗಿರುತ್ತವೆ.

ಒಂದು ಮಾತ್ರೆಯ ಮೇಲೆ ಸಾಮಾನ್ಯವಾಗಿ ನಡೆಸಲಾಗುವ ಪರೀಕ್ಷೆಗಳು ಈ ಕೆಳಕಂಡಂತಿವೆ:

(ಅ) ಗುರುತಿಸುವಿಕೆ: ಲೇಬಲ್‌ನಲ್ಲಿ ಹೇಳಿರುವ ಔಷಧವೇ ಮಾತ್ರೆಯಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು.

(ಆ) ಸತ್ವಾಂಶ ನಿರ್ಧಾರ: ಪ್ರಯೋಗಾಲಯಗಳಲ್ಲಿ ಅಸ್ಸೇ ಎಂದು ಕರೆಯಲಾಗುವ ಈ ಪರೀಕ್ಷೆಯಲ್ಲಿ ಔಷಧಾಂಶದ ಪ್ರಮಾಣವನ್ನು ಅಳೆಯಲಾಗುತ್ತದೆ. ಉದಾಹರಣೆಗೆ, ಇಂಡಿಯನ್ ಫಾರ್ಮಕೋಪಿಯಾದ ಪ್ರಕಾರ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಲೇಬಲ್‌ನಲ್ಲಿ ನಮೂದಿಸಿದ ಪ್ರಮಾಣದ ಶೇ. 95ಕ್ಕಿಂತ ಕಡಿಮೆ ಇಲ್ಲದಂತೆ ಹಾಗೂ ಶೇ. 105ಕ್ಕಿಂತ ಹೆಚ್ಚು ಇಲ್ಲದಂತೆ ಔಷಧಾಂಶ ಇರತಕ್ಕದ್ದು. ಅಂದರೆ 500 ಮಿಲಿಗ್ರಾಂ ಎಂದು ಬರೆದ ಮಾತ್ರೆಗಳಲ್ಲಿ ಸರಾಸರಿ 475ರಿಂದ 525 ಮಿಲಿಗ್ರಾಂ ಇರಬೇಕು.

(ಇ) ಕರಗುವಿಕೆ: ದೇಹದ ಉಷ್ಣಾಂಶದಲ್ಲಿರುವ ದ್ರವದಲ್ಲಿ ನಿಗದಿತ ಸಮಯದೊಳಗೆ ಮಾತ್ರೆಯಿಂದ ಎಷ್ಟು ಔಷಧ ಬಿಡುಗಡೆಯಾಗುತ್ತದೆ ಎಂಬುದರ ಪರೀಕ್ಷೆ. ಔಷಧಾಂಶ ಪೂರ್ಣವಾಗಿದ್ದರೂ ಮಾತ್ರೆಯು ಕರಗದೆ ಹೊರಹೋದಲ್ಲಿ ರೋಗಿಗೆ ಪ್ರಯೋಜನವಾಗುವುದಿಲ್ಲ.

(ಈ) ಕಶ್ಮಲಗಳ ಪರೀಕ್ಷೆ: ತಯಾರಿಕೆಯಲ್ಲಿ ಉಳಿದ ಅಥವಾ ಔಷಧವು ಕೆಟ್ಟಾಗ ಉತ್ಪತ್ತಿಯಾಗುವ ವಸ್ತುಗಳನ್ನು ಅಳೆಯುವುದು.

(ಉ) ತೂಕದ ಅಥವಾ ಔಷಧಾಂಶದ ಏಕರೂಪತೆ: ಮಾತ್ರೆಯಿಂದ ಮಾತ್ರೆಗೆ ವ್ಯತ್ಯಾಸವು ಮಿತಿಯೊಳಗಿದೆಯೇ ಎಂಬ ಪರೀಕ್ಷೆ.

ಚುಚ್ಚುಮದ್ದು ಮತ್ತು ರಕ್ತನಾಳದ ಮೂಲಕ ನೀಡುವ ದ್ರಾವಣಗಳಿಗೆ ಇವುಗಳ ಜೊತೆಗೆ ಸೂಕ್ಷ್ಮಜೀವಿಗಳಿಲ್ಲವೆಂಬ ಪರೀಕ್ಷೆ ಮತ್ತು ಜ್ವರ ತರಿಸಬಲ್ಲ ಬ್ಯಾಕ್ಟೀರಿಯಾ ವಿಷಾಂಶದ ಪರೀಕ್ಷೆ ಪ್ರತ್ಯೇಕವಾಗಿ ಅಗತ್ಯವಿರುತ್ತದೆ. ಈ ಎರಡೂ ಪರೀಕ್ಷೆಗಳು ಒಂದೇ ಅಲ್ಲ. ಜೀವಂತ ಬ್ಯಾಕ್ಟೀರಿಯಾ ಇಲ್ಲದ ದ್ರಾವಣದಲ್ಲಿಯೂ ಸತ್ತ ಬ್ಯಾಕ್ಟೀರಿಯಾಗಳ ವಿಷಾಂಶ ಉಳಿದಿರಬಹುದು.

3. ವಿಧಾನಕ್ಕೆ ಇಷ್ಟು ಪ್ರಾಮುಖ್ಯ ಏಕೆ? – ಡೈಎಥಿಲೀನ್ ಗ್ಲೈಕಾಲ್ ದುರಂತಗಳು

ಪ್ರತಿಯೊಂದು ವಿಧಾನವೂ ತನಗೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ನೀಡುತ್ತದೆ. ಕೇಳದ ಪ್ರಶ್ನೆಗೆ ಅದು ಉತ್ತರ ನೀಡುವುದಿಲ್ಲ. ಇದಕ್ಕೆ ಅತ್ಯಂತ ದುಃಖಕರವಾದ ಉದಾಹರಣೆ ಡೈಎಥಿಲೀನ್ ಗ್ಲೈಕಾಲ್.

ಸಿರಪ್‌ಗಳ ತಯಾರಿಕೆಯಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್ ಮೊದಲಾದ ದ್ರವಗಳನ್ನು ಬಳಸಲಾಗುತ್ತದೆ. ಕೈಗಾರಿಕೆಗಳಲ್ಲಿ ಬಳಕೆಯಲ್ಲಿರುವ ಡೈಎಥಿಲೀನ್ ಗ್ಲೈಕಾಲ್ ಸಹ ಗ್ಲಿಸರಿನ್‌ನಂತೆಯೇ ಬಣ್ಣವಿಲ್ಲದ, ಮಂದವಾದ, ಸಿಹಿ ರುಚಿಯ ದ್ರವ. ಆದರೆ ಅದು ಮೂತ್ರಪಿಂಡಗಳನ್ನು ಹಾಳುಮಾಡುವ ವಿಷ. ನೋಟದಿಂದಾಗಲಿ, ವಾಸನೆಯಿಂದಾಗಲಿ, ರುಚಿಯಿಂದಾಗಲಿ ಇವೆರಡನ್ನು ಬೇರ್ಪಡಿಸಲಾಗದು.

1937ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಲ್ಫಾನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಾಟ ಮಾಡಲಾಯಿತು. ತಯಾರಕರು ನೋಟ, ರುಚಿ ಮತ್ತು ಪರಿಮಳಗಳನ್ನು ಮಾತ್ರ ಪರಿಶೀಲಿಸಿದ್ದರು. 100ಕ್ಕೂ ಹೆಚ್ಚು ಜನ ಮೃತಪಟ್ಟರು ಮತ್ತು ಮರುವರ್ಷವೇ ಆ ದೇಶದಲ್ಲಿ ಹೊಸ ಔಷಧ ಕಾನೂನು ಜಾರಿಗೆ ಬಂದಿತು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಚಿಕಿತ್ಸೆಗಾಗಿ ನೀಡಿದ ಗ್ಲಿಸರಿನ್‌ನಲ್ಲಿ ಇದೇ ವಿಷ ಸೇರಿದ್ದ ಕಾರಣ 14 ರೋಗಿಗಳು ಮೃತಪಟ್ಟರು. ಈ ಬಗ್ಗೆ ನ್ಯಾಯಮೂರ್ತಿ ಲೆಂಟಿನ್ ಆಯೋಗವು ವಿಚಾರಣೆ ನಡೆಸಿತು. 2006ರಲ್ಲಿ ಪನಾಮಾ ದೇಶದಲ್ಲಿ, 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಇಂತಹುದೇ ದುರಂತಗಳು ವರದಿಯಾದವು. ತರುವಾಯ ಭಾರತ ಸರ್ಕಾರವು ರಫ್ತಾಗುವ ಕೆಮ್ಮಿನ ಸಿರಪ್‌ಗಳನ್ನು ನಿಗದಿತ ಪ್ರಯೋಗಾಲಯಗಳಲ್ಲಿ ಪರೀಕ್ಷಿಸುವುದನ್ನು 2023ರ ಜೂನ್ 1ರಿಂದ ಕಡ್ಡಾಯಗೊಳಿಸಿತು. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಕೆಮ್ಮಿನ ಸಿರಪ್ ಸೇವಿಸಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಮೃತಪಟ್ಟರು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್‌ನಲ್ಲಿ ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇರುವುದು ತಮಿಳುನಾಡು ಸರ್ಕಾರದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡುಬಂದಿತು. ಗ್ಲಿಸರಿನ್‌ನಂತಹ ಕಚ್ಚಾವಸ್ತುವಿನಲ್ಲಿ ಸಾಮಾನ್ಯವಾಗಿ ಅನುಸರಿಸಲಾಗುವ ಮಿತಿ ಶೇ. 0.10 ಮಾತ್ರ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಇಂತಹ ಸಿರಪ್‌ನಲ್ಲಿ ಪ್ಯಾರಾಸಿಟಮಾಲ್‌ನಂತಹ ಔಷಧಾಂಶವನ್ನು ಮಾತ್ರ ಅಳೆದಿದ್ದಲ್ಲಿ ಫಲಿತಾಂಶ ಸರಿಯಾಗಿಯೇ ಬರಬಹುದಿತ್ತು. ಆ ವಿಧಾನದಲ್ಲಿ ತಪ್ಪಿಲ್ಲ. ಆದರೆ ವಿಷವನ್ನು ನೋಡಲು ಅದನ್ನು ರೂಪಿಸಿಲ್ಲ. ಆದ್ದರಿಂದ ಸರಿಯಾದ ಪ್ರಶ್ನೆಯನ್ನು ಕೇಳುವುದು ವಿಧಾನದ ಅಭಿವೃದ್ಧಿಯ ಮೊದಲ ಹೆಜ್ಜೆಯಾಗಿದ್ದರೆ, ಆ ಪ್ರಶ್ನೆಗೆ ವಿಧಾನವು ನಿಜವಾದ ಉತ್ತರವನ್ನೇ ನೀಡುತ್ತದೆ ಎಂದು ಸಾಬೀತುಪಡಿಸುವುದು ದೃಢೀಕರಣದ ಕೆಲಸವಾಗಿದೆ.

4. ವಿಧಾನದ ಅಭಿವೃದ್ಧಿ

ಹೊಸ ವಿಧಾನವನ್ನು ರೂಪಿಸುವಾಗ ಸಾಮಾನ್ಯವಾಗಿ ಈ ಕೆಳಕಂಡ ಹಂತಗಳನ್ನು ಅನುಸರಿಸಲಾಗುತ್ತದೆ.

(ಅ) ಉದ್ದೇಶದ ನಿರ್ಧಾರ: ಅಳೆಯಬೇಕಾದ ವಸ್ತು ಯಾವುದು, ಅದು ಎಷ್ಟು ಪ್ರಮಾಣದಲ್ಲಿರಬಹುದು, ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು ಎಂಬುದನ್ನು ಮೊದಲು ಬರೆದಿಡಲಾಗುತ್ತದೆ. 500 ಮಿಲಿಗ್ರಾಂ ಔಷಧಾಂಶವನ್ನು ಅಳೆಯುವ ವಿಧಾನಕ್ಕೂ, ಸಾವಿರದಲ್ಲಿ ಒಂದು ಭಾಗದಷ್ಟಿರುವ ವಿಷವನ್ನು ಅಳೆಯುವ ವಿಧಾನಕ್ಕೂ ಅಗತ್ಯಗಳು ಬೇರೆ ಬೇರೆ.

(ಆ) ತಂತ್ರದ ಆಯ್ಕೆ: ಪ್ಯಾರಾಸಿಟಮಾಲ್ ಮಾತ್ರೆಯ ಪುಡಿಯನ್ನು ಕ್ಷಾರ ದ್ರಾವಣದಲ್ಲಿ ಕರಗಿಸಿ, 257 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂಬುದನ್ನು ಅಳೆಯುವುದು ಬಹುಕಾಲದಿಂದ ಬಳಕೆಯಲ್ಲಿರುವ ಸರಳ ವಿಧಾನ. ಆದರೆ ಅದೇ ತರಂಗಾಂತರದಲ್ಲಿ ಬೆಳಕು ಹೀರುವ ಬೇರೆ ವಸ್ತುವಿದ್ದಲ್ಲಿ ಅದೂ ಲೆಕ್ಕಕ್ಕೆ ಸೇರುತ್ತದೆ. ವಸ್ತುಗಳನ್ನು ಮೊದಲು ಬೇರ್ಪಡಿಸಿ ನಂತರ ಅಳೆಯಬೇಕಾದಲ್ಲಿ ಎಚ್‌ಪಿಎಲ್‌ಸಿ ಎಂದು ಕರೆಯಲಾಗುವ ದ್ರವ ಕ್ರೊಮ್ಯಾಟೋಗ್ರಫಿ ಉಪಕರಣವನ್ನು ಬಳಸಲಾಗುತ್ತದೆ. ಇದರಲ್ಲಿ ದ್ರಾವಣವು ಸೂಕ್ಷ್ಮ ಕಣಗಳಿಂದ ತುಂಬಿದ ಕೊಳವೆಯ ಮೂಲಕ ಹಾದುಹೋಗುವಾಗ ಪ್ರತಿಯೊಂದು ವಸ್ತುವೂ ಬೇರೆ ಬೇರೆ ಸಮಯಕ್ಕೆ ಹೊರಬರುತ್ತದೆ. ಆವಿಯಾಗಬಲ್ಲ ವಸ್ತುಗಳಿಗೆ ಅನಿಲ ಕ್ರೊಮ್ಯಾಟೋಗ್ರಫಿ ಸೂಕ್ತ. ಡೈಎಥಿಲೀನ್ ಗ್ಲೈಕಾಲ್ ಪತ್ತೆಗೆ ಮುಖ್ಯವಾಗಿ ಈ ತಂತ್ರವನ್ನೇ ಅವಲಂಬಿಸಲಾಗುತ್ತದೆ.

(ಇ) ಪರಿಸ್ಥಿತಿಗಳ ಹೊಂದಾಣಿಕೆ: ದ್ರಾವಕದ ಮಿಶ್ರಣ, ಆಮ್ಲೀಯತೆ, ಉಷ್ಣಾಂಶ, ಹರಿವಿನ ವೇಗ ಇತ್ಯಾದಿಗಳನ್ನು ಬದಲಾಯಿಸುತ್ತಾ, ಅಕ್ಕಪಕ್ಕದ ವಸ್ತುಗಳು ಒಂದರ ಮೇಲೊಂದು ಬೀಳದಂತೆ ಬೇರ್ಪಡಿಸಲಾಗುತ್ತದೆ. ಸಿರಪ್‌ಗಳ ವಿಷಯದಲ್ಲಿ ಇದು ಸುಲಭವಲ್ಲ. ಗ್ಲಿಸರಿನ್‌ಗೆಂದು ರೂಪಿಸಿದ ವಿಧಾನವನ್ನು ಸಕ್ಕರೆ, ಬಣ್ಣ, ಪರಿಮಳ ಸೇರಿದ ಸಿರಪ್‌ಗೆ ಹಾಗೆಯೇ ಅನ್ವಯಿಸಲಾಗುವುದಿಲ್ಲ. ಸಕ್ಕರೆಯು ಆವಿಯಾಗದೆ ಉಪಕರಣದ ಬಿಸಿ ಭಾಗದಲ್ಲಿ ಕರಕಲಾಗುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚಿರುವ ಸಿರಪ್‌ನಲ್ಲಿ ಅದರ ದೊಡ್ಡ ಗುರುತಿನ ಪಕ್ಕದಲ್ಲಿಯೇ ಎಥಿಲೀನ್ ಗ್ಲೈಕಾಲ್ ಎಂಬ ಮತ್ತೊಂದು ವಿಷದ ಸಣ್ಣ ಗುರುತು ಮರೆಯಾಗುವ ಸಂಭವವಿರುತ್ತದೆ.

(ಈ) ಬಲವಂತದ ವಿಘಟನೆ: ಔಷಧವನ್ನು ಉದ್ದೇಶಪೂರ್ವಕವಾಗಿ ಆಮ್ಲ, ಕ್ಷಾರ, ಹೈಡ್ರೊಜನ್ ಪೆರಾಕ್ಸೈಡ್, ಶಾಖ ಮತ್ತು ಬೆಳಕಿಗೆ ಒಡ್ಡಿ ಕೆಡಿಸಲಾಗುತ್ತದೆ. ಕೆಟ್ಟ ಭಾಗವನ್ನು ಒಳ್ಳೆಯ ಭಾಗದಿಂದ ವಿಧಾನವು ಬೇರ್ಪಡಿಸಿ ತೋರಿಸಬೇಕು. ಉದಾಹರಣೆಗೆ ಪ್ಯಾರಾಸಿಟಮಾಲ್ ಆಮ್ಲದಲ್ಲಿ ವಿಘಟನೆಗೊಂಡಾಗ 4-ಅಮಿನೋಫಿನಾಲ್ ಎಂಬ ಹಾನಿಕರ ವಸ್ತು ಉಂಟಾಗುತ್ತದೆ. ಇವೆರಡನ್ನೂ ಪ್ರತ್ಯೇಕವಾಗಿ ತೋರಿಸದ ವಿಧಾನವು ಹಳೆಯ, ಕೆಟ್ಟ ಮಾತ್ರೆಯನ್ನೂ ಒಳ್ಳೆಯದೆಂದು ಹೇಳುವ ಅಪಾಯವಿದೆ.

5. ವಿಧಾನದ ದೃಢೀಕರಣ

ಅಂಗಡಿಯ ತಕ್ಕಡಿಯನ್ನು ಬಳಸುವ ಮೊದಲು ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರಿಶೀಲಿಸಿ ಮುದ್ರೆ ಹಾಕಿಸುವುದು ಸಾರ್ವಜನಿಕರಿಗೆ ತಿಳಿದ ವಿಷಯ. ವಿಶ್ಲೇಷಣಾ ವಿಧಾನದ ದೃಢೀಕರಣದ ತತ್ವವೂ ಅದೇ ಬಗೆಯದು. ತಕ್ಕಡಿ ತೂಗುವ ವಸ್ತುವನ್ನು ಪರೀಕ್ಷಿಸುವ ಮೊದಲು ತಕ್ಕಡಿಯನ್ನೇ ಪರೀಕ್ಷಿಸಬೇಕು.

ಈ ಬಗ್ಗೆ ಅಂತರರಾಷ್ಟ್ರೀಯ ಸಮನ್ವಯ ಮಂಡಳಿಯಾದ ಐಸಿಎಚ್ ಹೊರಡಿಸಿದ ಕ್ಯೂ2 ಎಂಬ ಮಾರ್ಗಸೂಚಿಯು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇದರ ಪರಿಷ್ಕೃತ ರೂಪವನ್ನು ಮತ್ತು ವಿಧಾನಗಳ ಅಭಿವೃದ್ಧಿಗೆ ಸಂಬಂಧಿಸಿದ ಕ್ಯೂ14 ಎಂಬ ಹೊಸ ಮಾರ್ಗಸೂಚಿಯನ್ನು 2023ರ ನವೆಂಬರ್‌ನಲ್ಲಿ ಅಂಗೀಕರಿಸಲಾಯಿತು. ದೃಢೀಕರಣದಲ್ಲಿ ಪರಿಶೀಲಿಸಲಾಗುವ ಮುಖ್ಯ ಗುಣಗಳು ಇಂತಿವೆ:

(ಅ) ನಿರ್ದಿಷ್ಟತೆ: ಅಳೆಯಬೇಕಾದ ವಸ್ತುವನ್ನು ಮಾತ್ರ ಅಳೆಯುವ ಸಾಮರ್ಥ್ಯ. ಔಷಧಾಂಶವಿಲ್ಲದೆ ಉಳಿದೆಲ್ಲ ಪದಾರ್ಥಗಳನ್ನು ಸೇರಿಸಿ ತಯಾರಿಸಿದ ಮಾದರಿಯನ್ನು ಪರೀಕ್ಷಿಸಿದಾಗ ಔಷಧಾಂಶದ ಸ್ಥಾನದಲ್ಲಿ ಯಾವ ಗುರುತೂ ಕಾಣಬಾರದು.

(ಆ) ನಿಖರತೆ: ಬರುವ ಫಲಿತಾಂಶವು ನಿಜವಾದ ಪ್ರಮಾಣಕ್ಕೆ ಎಷ್ಟು ಹತ್ತಿರವಿದೆ ಎಂಬುದು. ತಿಳಿದ ಪ್ರಮಾಣದ ವಸ್ತುವನ್ನು ಬೆರೆಸಿ, ಅದರಲ್ಲಿ ಎಷ್ಟು ಮರಳಿ ಸಿಗುತ್ತದೆ ಎಂದು ನೋಡಲಾಗುತ್ತದೆ. ಮೂರು ಬೇರೆ ಬೇರೆ ಮಟ್ಟಗಳಲ್ಲಿ ಕನಿಷ್ಠ 9 ಬಾರಿ ಇದನ್ನು ಮಾಡುವುದು ರೂಢಿಯಲ್ಲಿದೆ. ವಿಷವಿಲ್ಲದ ಸಿರಪ್‌ಗೆ ಶೇ. 0.10ರಷ್ಟು ಡೈಎಥಿಲೀನ್ ಗ್ಲೈಕಾಲ್ ಬೆರೆಸಿದಲ್ಲಿ ವಿಧಾನವು ಸರಿಸುಮಾರು ಅಷ್ಟನ್ನೇ ತೋರಿಸಬೇಕು.

(ಇ) ಪುನರಾವರ್ತನೆಯ ಸ್ಥಿರತೆ: ಒಂದೇ ಮಾದರಿಯನ್ನು ಹಲವು ಬಾರಿ ಪರೀಕ್ಷಿಸಿದಾಗ ಫಲಿತಾಂಶಗಳು ಪರಸ್ಪರ ಹತ್ತಿರವಿರಬೇಕು. ಒಬ್ಬರೇ ವಿಶ್ಲೇಷಕರು ಒಂದೇ ದಿನ ಮಾಡಿದಾಗ, ಬೇರೆ ವಿಶ್ಲೇಷಕರು ಬೇರೆ ದಿನ ಮಾಡಿದಾಗ, ಬೇರೆ ಪ್ರಯೋಗಾಲಯದಲ್ಲಿ ಮಾಡಿದಾಗ ಎಂಬ ಮೂರು ಮಟ್ಟಗಳಲ್ಲಿ ಇದನ್ನು ನೋಡಲಾಗುತ್ತದೆ. ಫಲಿತಾಂಶಗಳು ಪರಸ್ಪರ ಹೊಂದಿಕೊಂಡ ಮಾತ್ರಕ್ಕೆ ಅವು ನಿಖರವೆಂದು ಭಾವಿಸಬಾರದು. ಒಂದೇ ತಪ್ಪನ್ನು ಆರು ಬಾರಿ ಮಾಡಿದಾಗಲೂ ಆರೂ ಫಲಿತಾಂಶಗಳು ಒಂದೇ ಆಗಿರುತ್ತವೆ.

(ಈ) ಸರಳರೇಖೀಯತೆ ಮತ್ತು ವ್ಯಾಪ್ತಿ: ವಸ್ತುವಿನ ಪ್ರಮಾಣ ಹೆಚ್ಚಿದಂತೆ ಉಪಕರಣದ ಸಂಕೇತವೂ ಅದೇ ಅನುಪಾತದಲ್ಲಿ ಹೆಚ್ಚಬೇಕು. ಕನಿಷ್ಠ 5 ಪ್ರಮಾಣಗಳಲ್ಲಿ ಇದನ್ನು ಪರಿಶೀಲಿಸಲಾಗುತ್ತದೆ. ಸತ್ವಾಂಶ ನಿರ್ಧಾರಕ್ಕೆ ಸಾಮಾನ್ಯವಾಗಿ ನಿರೀಕ್ಷಿತ ಪ್ರಮಾಣದ ಶೇ. 80ರಿಂದ 120ರವರೆಗಿನ ವ್ಯಾಪ್ತಿಯನ್ನು ದೃಢೀಕರಿಸಲಾಗುತ್ತದೆ.

(ಉ) ಪತ್ತೆಯ ಮಿತಿ ಮತ್ತು ಅಳತೆಯ ಮಿತಿ: ಒಂದು ವಸ್ತು ಇದೆ ಎಂದು ಹೇಳಲು ಸಾಧ್ಯವಾಗುವ ಅತಿ ಕಡಿಮೆ ಪ್ರಮಾಣವೇ ಪತ್ತೆಯ ಮಿತಿ. ಅದು ಇಷ್ಟಿದೆ ಎಂದು ವಿಶ್ವಾಸದಿಂದ ಹೇಳಲು ಸಾಧ್ಯವಾಗುವ ಅತಿ ಕಡಿಮೆ ಪ್ರಮಾಣವೇ ಅಳತೆಯ ಮಿತಿ. ಉಪಕರಣದ ಹಿನ್ನೆಲೆ ಗದ್ದಲದ ಸುಮಾರು 3 ಪಟ್ಟು ಸಂಕೇತ ಬಂದಲ್ಲಿ ಪತ್ತೆಯೆಂದೂ, 10 ಪಟ್ಟು ಬಂದಲ್ಲಿ ಅಳತೆಗೆ ಯೋಗ್ಯವೆಂದೂ ಪರಿಗಣಿಸಲಾಗುತ್ತದೆ. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರೆದಿದ್ದಲ್ಲಿ ಅದರ ಅರ್ಥ ‘ಇಲ್ಲವೇ ಇಲ್ಲ’ ಎಂದಲ್ಲ. ‘ಈ ವಿಧಾನದ ಪತ್ತೆಯ ಮಿತಿಗಿಂತ ಕಡಿಮೆ ಇದೆ’ ಎಂದು ತಿಳಿಯತಕ್ಕದ್ದು.

(ಊ) ದೃಢತೆ: ಉಷ್ಣಾಂಶ, ಆಮ್ಲೀಯತೆ, ಹರಿವಿನ ವೇಗಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸವಾದರೂ ಫಲಿತಾಂಶ ಬದಲಾಗದಿರುವ ಗುಣ.

ಯಾವ ವಿಧಾನಕ್ಕೆ ಯಾವ ಗುಣಗಳನ್ನು ಪರಿಶೀಲಿಸಬೇಕೆಂಬುದು ಅದರ ಉದ್ದೇಶವನ್ನು ಅವಲಂಬಿಸಿದೆ. ಗುರುತಿಸುವಿಕೆಯ ಪರೀಕ್ಷೆಗೆ ಮುಖ್ಯವಾಗಿ ನಿರ್ದಿಷ್ಟತೆ ಸಾಕು. ಕಶ್ಮಲಗಳನ್ನು ಅಳೆಯುವ ವಿಧಾನಕ್ಕೆ ಅಳತೆಯ ಮಿತಿ ಅತ್ಯಗತ್ಯ. ದೃಢೀಕರಣ ಮುಗಿದ ನಂತರವೂ ಪ್ರತಿ ಬಾರಿ ಪರೀಕ್ಷೆ ನಡೆಸುವಾಗ, ಗೊತ್ತಿರುವ ಪ್ರಮಾಣದ ಪರಾಮರ್ಶನ ವಸ್ತುವನ್ನು ಮೊದಲು ಹಾಯಿಸಿ, ಉಪಕರಣವು ಆ ದಿನ ಸರಿಯಾಗಿದೆಯೇ ಎಂದು ನೋಡಿಕೊಳ್ಳಲಾಗುತ್ತದೆ.

6. ಔಷಧ ಸಂಹಿತೆಯ ವಿಧಾನಗಳು ಮತ್ತು ತಯಾರಕರ ವಿಧಾನಗಳು

ಭಾರತದಲ್ಲಿ ಔಷಧಗಳ ಅಧಿಕೃತ ಮಾನದಂಡಗಳ ಗ್ರಂಥ ಇಂಡಿಯನ್ ಫಾರ್ಮಕೋಪಿಯಾ. ಇದರ ಮೊದಲ ಆವೃತ್ತಿ 1955ರಲ್ಲಿಯೂ, ಒಂಬತ್ತನೆಯ ಆವೃತ್ತಿ 2022ರಲ್ಲಿಯೂ ಪ್ರಕಟವಾಯಿತು. ಗಾಜಿಯಾಬಾದ್‌ನಲ್ಲಿರುವ ಇಂಡಿಯನ್ ಫಾರ್ಮಕೋಪಿಯಾ ಆಯೋಗವು ಇದನ್ನು ಸಿದ್ಧಪಡಿಸುವುದಲ್ಲದೆ, ಹೋಲಿಕೆಗೆ ಬೇಕಾದ ಪರಾಮರ್ಶನ ವಸ್ತುಗಳನ್ನೂ ಪೂರೈಸುತ್ತದೆ.

ಸಂಹಿತೆಯಲ್ಲಿ ಸೇರಿರುವ ವಿಧಾನವನ್ನು ಪ್ರತಿಯೊಂದು ಪ್ರಯೋಗಾಲಯವೂ ಮೊದಲಿನಿಂದ ದೃಢೀಕರಿಸಬೇಕಾಗಿಲ್ಲ. ಆದರೆ ತನ್ನ ಉಪಕರಣ, ತನ್ನ ಸಿಬ್ಬಂದಿ ಮತ್ತು ತನ್ನ ಮುಂದಿರುವ ಔಷಧಕ್ಕೆ ಆ ವಿಧಾನ ಸರಿಹೊಂದುತ್ತದೆಯೇ ಎಂದು ಪರಿಶೀಲಿಸಿಕೊಳ್ಳಬೇಕು. ಸಂಹಿತೆಯಲ್ಲಿ ಇಲ್ಲದ ಔಷಧಗಳಿಗೆ ಮತ್ತು ಹೊಸ ಸಂಯುಕ್ತ ಔಷಧಗಳಿಗೆ ತಯಾರಕರು ತಮ್ಮದೇ ವಿಧಾನವನ್ನು ಅಭಿವೃದ್ಧಿಪಡಿಸಿ ಪೂರ್ಣವಾಗಿ ದೃಢೀಕರಿಸಬೇಕಾಗುತ್ತದೆ. ಆ ವಿಧಾನವನ್ನು ಮತ್ತೊಂದು ಪ್ರಯೋಗಾಲಯ ಬಳಸುವ ಮೊದಲು, ಎರಡೂ ಕಡೆ ಒಂದೇ ಮಾದರಿಯನ್ನು ಪರೀಕ್ಷಿಸಿ ಫಲಿತಾಂಶಗಳನ್ನು ತಾಳೆ ನೋಡಲಾಗುತ್ತದೆ.

ಔಷಧ ತಯಾರಿಕೆಯ ಉತ್ತಮ ಪದ್ಧತಿಗಳನ್ನು ಔಷಧ ನಿಯಮಗಳು, 1945ರ ಅನುಸೂಚಿ ಎಂ ನಲ್ಲಿ ವಿಧಿಸಲಾಗಿದ್ದು, ಇದನ್ನು 2023ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಲಾಗಿದೆ. ಪ್ರಯೋಗಾಲಯಗಳ ಉತ್ತಮ ಪದ್ಧತಿಗಳನ್ನು ಅನುಸೂಚಿ ಎಲ್-1ರಲ್ಲಿ ವಿಧಿಸಲಾಗಿದೆ.

7. ಪರೀಕ್ಷೆಗಾಗಿ ಸಾರ್ವಜನಿಕರು ಅರ್ಜಿ ಸಲ್ಲಿಸುವ ಕ್ರಮ

ಕರ್ನಾಟಕದಲ್ಲಿ ಬೆಂಗಳೂರಿನ ಔಷಧ ಪರೀಕ್ಷಾ ಪ್ರಯೋಗಾಲಯವಲ್ಲದೆ ಹುಬ್ಬಳ್ಳಿ ಮತ್ತು ಬಳ್ಳಾರಿಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

(ಅ) ಅರ್ಜಿಯ ನಮೂನೆ: ನಿಯಮ 47ರಂತೆ ಅರ್ಜಿಯನ್ನು ನಮೂನೆ 14-ಎ ನಲ್ಲಿ ಸಲ್ಲಿಸತಕ್ಕದ್ದು. ಅರ್ಜಿದಾರರ ಪೂರ್ಣ ಹೆಸರು, ವಿಳಾಸ ಮತ್ತು ಉದ್ಯೋಗ, ಔಷಧದ ಹೆಸರು, ಖರೀದಿಸಿದ ಮಳಿಗೆಯ ಹೆಸರು ಮತ್ತು ಪೂರ್ಣ ವಿಳಾಸ, ಖರೀದಿಸಿದ ದಿನಾಂಕ ಹಾಗೂ ಪರೀಕ್ಷೆಗೆ ಸಲ್ಲಿಸಲು ಕಾರಣ – ಇವುಗಳನ್ನು ಭರ್ತಿ ಮಾಡಬೇಕು.

(ಆ) ಘೋಷಣೆ: ಔಷಧವನ್ನು ತಾವೇ ಅಥವಾ ತಮಗಾಗಿ ಖರೀದಿಸಲಾಗಿದೆ ಎಂದೂ, ಖರೀದಿಸಿದ ಸ್ಥಿತಿಯಲ್ಲಿಯೇ ಯಾವ ಬದಲಾವಣೆಯನ್ನೂ ಮಾಡದೆ ಸಲ್ಲಿಸಲಾಗುತ್ತಿದೆ ಎಂದೂ ಅರ್ಜಿದಾರರು ಘೋಷಿಸಬೇಕು.

(ಇ) ಶುಲ್ಕ: ಅನುಸೂಚಿ ಬಿ ಯಲ್ಲಿ ನಿಗದಿಪಡಿಸಿರುವ ಶುಲ್ಕವನ್ನು ಪಾವತಿಸಬೇಕು. ಶುಲ್ಕವು ನಡೆಸಬೇಕಾದ ಪರೀಕ್ಷೆಗಳ ಮೇಲೆ ಅವಲಂಬಿತವಾಗಿರುವುದರಿಂದ, ಮೊತ್ತವನ್ನು ಪ್ರಯೋಗಾಲಯದಲ್ಲಿ ವಿಚಾರಿಸಿಕೊಂಡು ಪಾವತಿಸುವುದು ಸೂಕ್ತ.

(ಈ) ಮಾದರಿಯ ಪ್ರಮಾಣ: ಒಂದೆರಡು ಮಾತ್ರೆಗಳಿಂದ ಪೂರ್ಣ ಪರೀಕ್ಷೆ ಸಾಧ್ಯವಿಲ್ಲ. ತೂಕದ ಏಕರೂಪತೆಗೆ 20 ಮಾತ್ರೆಗಳು, ಕರಗುವಿಕೆಯ ಮೊದಲ ಹಂತಕ್ಕೆ 6 ಮಾತ್ರೆಗಳು ಬೇಕಾಗುತ್ತವೆ. ಮೊದಲ ಹಂತದಲ್ಲಿ ಫಲಿತಾಂಶ ಸ್ಪಷ್ಟವಾಗದಿದ್ದಲ್ಲಿ ಇನ್ನೂ ಹೆಚ್ಚು ಮಾತ್ರೆಗಳು ಬೇಕಾಗುತ್ತವೆ. ಆದ್ದರಿಂದ ಒಂದೇ ಬ್ಯಾಚ್ ಸಂಖ್ಯೆಯ, ತೆರೆಯದ ಪಟ್ಟಿಗಳನ್ನು ಅಥವಾ ಬಾಟಲಿಗಳನ್ನು ಸಲ್ಲಿಸಬೇಕು. ಬೇರೆ ಬೇರೆ ಬ್ಯಾಚಿನವುಗಳನ್ನು ಸೇರಿಸಬಾರದು.

(ಉ) ಸಂಗ್ರಹಣೆ: ಔಷಧವನ್ನು ಮೂಲ ಪೊಟ್ಟಣದಲ್ಲಿಯೇ, ಲೇಬಲ್‌ನಲ್ಲಿ ಸೂಚಿಸಿದ ಉಷ್ಣಾಂಶದಲ್ಲಿ ಇರಿಸಿಕೊಳ್ಳಬೇಕು. ಬಿಸಿಲಿನಲ್ಲಿ ಅಥವಾ ವಾಹನದೊಳಗೆ ಇರಿಸಿದ ಔಷಧ ಕೆಟ್ಟಿದ್ದಲ್ಲಿ, ದೋಷ ತಯಾರಕರದೋ ಸಂಗ್ರಹಣೆಯದೋ ಎಂದು ಪರೀಕ್ಷೆಯಿಂದ ಹೇಳುವುದು ಕಷ್ಟ.

(ಊ) ರಸೀದಿ: ಮಳಿಗೆಯಿಂದ ಪಡೆದ ಬಿಲ್ಲನ್ನು ಕಾಪಾಡಿಕೊಳ್ಳಬೇಕು. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ನಮೂದಾಗಿದೆಯೇ ಎಂದು ಖರೀದಿಸುವಾಗಲೇ ನೋಡಿಕೊಳ್ಳುವುದು.

(ಋ) ಕಾರಣದ ವಿವರ: ಸಂಶಯಕ್ಕೆ ಕಾರಣವನ್ನು ಸ್ಪಷ್ಟವಾಗಿ ಬರೆಯುವುದು ಅತ್ಯಂತ ಮುಖ್ಯ. ‘ಗುಣಮಟ್ಟ ಸರಿಯಿಲ್ಲ’ ಎಂದಷ್ಟೇ ಬರೆಯುವ ಬದಲು, ‘ಮಾತ್ರೆ ನೀರಿನಲ್ಲಿ ಕರಗುತ್ತಿಲ್ಲ’, ‘ಸಿರಪ್ ಕುಡಿದ ನಂತರ ಮಗುವಿಗೆ ಮೂತ್ರ ವಿಸರ್ಜನೆ ಕಡಿಮೆಯಾಯಿತು’, ‘ಚುಚ್ಚುಮದ್ದಿನ ನಂತರ ಚಳಿಜ್ವರ ಬಂದಿತು’ ಎಂದು ಬರೆದಲ್ಲಿ, ಯಾವ ಪರೀಕ್ಷೆಯನ್ನು ಯಾವ ವಿಧಾನದಿಂದ ನಡೆಸಬೇಕೆಂದು ವಿಶ್ಲೇಷಕರು ನಿರ್ಧರಿಸಲು ಸಹಾಯವಾಗುತ್ತದೆ.

ಮಾನ್ಯತೆ ಪಡೆದ ಗ್ರಾಹಕ ಸಂಘಗಳೂ ಇದೇ ಕ್ರಮದಲ್ಲಿ ಅರ್ಜಿ ಸಲ್ಲಿಸಬಹುದು. ಔಷಧ ಸೇವನೆಯಿಂದ ತೊಂದರೆಯಾದಲ್ಲಿ ಪರೀಕ್ಷಾ ವರದಿಗಾಗಿ ಕಾಯದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು ಹಾಗೂ ಆ ವ್ಯಾಪ್ತಿಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ನೀಡತಕ್ಕದ್ದು. ದೂರಿನ ಮೇಲೆ ಔಷಧ ಪರಿವೀಕ್ಷಕರು ಕಲಂ 23ರ ಕಾರ್ಯವಿಧಾನದಂತೆ ಪ್ರತ್ಯೇಕ ಮಾದರಿಗಳನ್ನು ಪಡೆಯಲು ಅವಕಾಶವಿರುತ್ತದೆ.

8. ವರದಿಯನ್ನು ಓದುವ ಬಗೆ

ಖರೀದಿದಾರರಿಗೆ ವರದಿಯನ್ನು ನಮೂನೆ 14-ಬಿ ಯಲ್ಲಿ ನೀಡಲಾಗುತ್ತದೆ. ಪರಿವೀಕ್ಷಕರು ಕಳುಹಿಸಿದ ಮಾದರಿಗಳಿಗೆ ನಮೂನೆ 13 ಅನ್ವಯಿಸುತ್ತದೆ. ಫಲಿತಾಂಶದೊಂದಿಗೆ, ಅನುಸರಿಸಿದ ಪರೀಕ್ಷೆಗಳ ವಿವರವೂ ವರದಿಯಲ್ಲಿರತಕ್ಕದ್ದು. ಸಂಹಿತೆಯ ವಿಧಾನವಾಗಿದ್ದಲ್ಲಿ ಅದರ ಉಲ್ಲೇಖ ಸಾಕು; ಬೇರೆ ವಿಧಾನವಾಗಿದ್ದಲ್ಲಿ ಅದರ ವಿವರಣೆ ಇರಬೇಕು. ವರದಿಯನ್ನು ಪಡೆದವರು ಈ ಪ್ರಶ್ನೆಗಳಿಗೆ ಉತ್ತರವನ್ನು ಅದರಲ್ಲಿ ನೋಡಿಕೊಳ್ಳುವುದು ಒಳಿತು:

– ವರದಿಯಲ್ಲಿರುವ ಬ್ಯಾಚ್ ಸಂಖ್ಯೆಯೂ ತಾವು ಸಲ್ಲಿಸಿದ ಪೊಟ್ಟಣದ ಸಂಖ್ಯೆಯೂ ಒಂದೇ ಆಗಿದೆಯೇ?
– ಯಾವ ಯಾವ ಪರೀಕ್ಷೆಗಳನ್ನು ನಡೆಸಲಾಗಿದೆ? ತಮ್ಮ ಸಂಶಯಕ್ಕೆ ಸಂಬಂಧಿಸಿದ ಪರೀಕ್ಷೆ ಅವುಗಳಲ್ಲಿ ಸೇರಿದೆಯೇ?
– ಪ್ರತಿ ಪರೀಕ್ಷೆಗೆ ಮಿತಿ ಎಷ್ಟು, ದೊರೆತ ಫಲಿತಾಂಶ ಎಷ್ಟು?
– ವಿಧಾನವು ಸಂಹಿತೆಯದೋ, ತಯಾರಕರದೋ, ಪ್ರಯೋಗಾಲಯದ್ದೋ?

ಸರ್ಕಾರಿ ವಿಶ್ಲೇಷಕರು ಮಾದರಿ ತಲುಪಿದ 60 ದಿನಗಳೊಳಗೆ ವರದಿ ನೀಡಬೇಕೆಂದು ನಿಯಮ 45ರಲ್ಲಿ ವಿಧಿಸಲಾಗಿದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದೇ ಔಷಧಕ್ಕೆ ಎರಡು ಪ್ರಯೋಗಾಲಯಗಳು ಭಿನ್ನ ವರದಿ ನೀಡಲು ಸಾಧ್ಯವೇ?
ಉತ್ತರ: ಸಾಧ್ಯ. ಮಾದರಿಯ ಸಂಗ್ರಹಣೆ, ಪರೀಕ್ಷಿಸಿದ ಘಟಕಗಳು, ಅನುಸರಿಸಿದ ವಿಧಾನ ಬೇರೆಯಾಗಿದ್ದಲ್ಲಿ ಅಥವಾ ಫಲಿತಾಂಶ ಮಿತಿಯ ಅಂಚಿನಲ್ಲಿದ್ದಲ್ಲಿ ವ್ಯತ್ಯಾಸ ಬರಬಹುದು. ಪರಿವೀಕ್ಷಕರು ಪಡೆದ ಮಾದರಿಯ ವರದಿಯನ್ನು ಪ್ರಶ್ನಿಸಲು ಇಚ್ಛಿಸುವ ಸಂಬಂಧಪಟ್ಟವರು, ಪ್ರತಿ ತಲುಪಿದ 28 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಅಂತಹ ಸಂದರ್ಭದಲ್ಲಿ ನ್ಯಾಯಾಲಯವು ಮಾದರಿಯನ್ನು ಕೋಲ್ಕತ್ತದ ಕೇಂದ್ರೀಯ ಔಷಧ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಆ ಪ್ರಯೋಗಾಲಯದ ವರದಿಯು ಅದರಲ್ಲಿ ಹೇಳಿದ ಸಂಗತಿಗಳಿಗೆ ನಿರ್ಣಾಯಕ ಸಾಕ್ಷ್ಯವಾಗುತ್ತದೆ.

ಪ್ರಶ್ನೆ: ಪ್ರಮಾಣಿತ ಗುಣಮಟ್ಟದ್ದೆಂದು ವರದಿ ಬಂದಿದೆ. ಆದರೂ ಔಷಧದಿಂದ ತೊಂದರೆಯಾಯಿತು. ಇದು ಹೇಗೆ?
ಉತ್ತರ: ಉತ್ತಮ ಗುಣಮಟ್ಟದ ಔಷಧದಿಂದಲೂ ಕೆಲವರಿಗೆ ಅಡ್ಡಪರಿಣಾಮ ಉಂಟಾಗಬಹುದು. ಇದನ್ನು ಗುಣಮಟ್ಟದ ಪರೀಕ್ಷೆಯಿಂದ ತಿಳಿಯಲಾಗುವುದಿಲ್ಲ. ಇಂತಹ ಅಡ್ಡಪರಿಣಾಮಗಳನ್ನು ಭಾರತೀಯ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು.

ಪ್ರಶ್ನೆ: ಮನೆಯಲ್ಲಿ ತೆರೆದು ಬಳಸಿದ ಸಿರಪ್ ಬಾಟಲಿಯನ್ನು ಪರೀಕ್ಷೆಗೆ ನೀಡಬಹುದೇ?
ಉತ್ತರ: ಖರೀದಿಸಿದ ಸ್ಥಿತಿಯಲ್ಲಿಯೇ ಇದೆ ಎಂದು ಘೋಷಿಸಬೇಕಾಗಿರುವುದರಿಂದ ತೆರೆಯದ ಬಾಟಲಿಯನ್ನೇ ನೀಡತಕ್ಕದ್ದು. ಆದರೆ ತೊಂದರೆಗೆ ಕಾರಣವಾಗಿರಬಹುದಾದ ಬಾಟಲಿಯನ್ನು ಎಸೆಯಬಾರದು. ಮುಚ್ಚಳ ಬಿಗಿಮಾಡಿ, ಲೇಬಲ್ ಸಹಿತ ಕಾಪಾಡಿಕೊಂಡು, ದೂರು ನೀಡುವಾಗ ಅಧಿಕಾರಿಗಳ ಗಮನಕ್ಕೆ ತರಬೇಕು.

ಪ್ರಶ್ನೆ: ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ಮಾಡಿ ಎಂದು ಕೋರಬಹುದೇ?
ಉತ್ತರ: ಇರಬಹುದಾದ ಎಲ್ಲ ವಸ್ತುಗಳನ್ನೂ ಒಮ್ಮೆಗೇ ಪತ್ತೆಹಚ್ಚುವ ವಿಧಾನ ಯಾವುದೂ ಇರುವುದಿಲ್ಲ. ಈ ಕಾರಣದಿಂದಲೇ ಅರ್ಜಿಯಲ್ಲಿ ಸಂಶಯದ ಸ್ವರೂಪವನ್ನು ತಿಳಿಸಲು ಕೋರಲಾಗಿದೆ.

10. ಕೊನೆಯದಾಗಿ

ಔಷಧದ ಪರೀಕ್ಷೆಯು ಪ್ರಯೋಗಾಲಯದಲ್ಲಿ ನಡೆಯುವ ಕೆಲಸವಾದರೂ, ಅದರ ಆರಂಭ ಅರ್ಜಿದಾರರ ಹೇಳಿಕೆಯಲ್ಲಿದೆ. ಬ್ಯಾಚ್ ಸಂಖ್ಯೆ, ಬಿಲ್ಲು, ತೆರೆಯದ ಪೊಟ್ಟಣ ಮತ್ತು ಸಂಶಯಕ್ಕೆ ಸ್ಪಷ್ಟ ಕಾರಣ – ಈ ನಾಲ್ಕನ್ನು ಒದಗಿಸಿದಲ್ಲಿ ಸರಿಯಾದ ವಿಧಾನವನ್ನು ಆರಿಸಲು ಮತ್ತು ವಿಶ್ವಾಸಾರ್ಹವಾದ ಉತ್ತರವನ್ನು ನೀಡಲು ಸಾಧ್ಯವಾಗುತ್ತದೆ. ಸಾರ್ವಜನಿಕರು ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.